ಮೇಸ್ತ್ರಿ ಓದದ ಐದು ಪುಸ್ತಕ

ಚಂದಮಾಮ ಓದಿ ಬೆಳೆದವರಿಗೆ ಬೇತಾಳನ ಪರಿಚಯ ಮಾಡಿಕೊಡಬೇಕಾಗಿಲ್ಲ. ವಿಕ್ರಮ ರಾಜ ಮರಕ್ಕೆ ನೇತುಬಿದ್ದ ಶವವನ್ನು ಇಳಿಸಿ, ಹೆಗಲ ಮೇಲೆ ಹಾಕಿಕೊಂಡು ಸ್ಮಶಾನದ ಕಡೆ ಹೊರಡುತ್ತಾನೆ. ಶವದೊಳಗಿನ ಬೇತಾಳ ದಾರಿಯುದ್ದಕ್ಕೂ ಕಥೆ ಹೇಳುತ್ತದೆ. ಕೊನೆಗೊಂದು ಪ್ರಶ್ನೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಚೂರಾಗುತ್ತದೆ. ಹೇಳಿದರೆ ಬೇತಾಳ ಹಾರಿ ವಾಪಸ್ ಮರಕ್ಕೆ. ಮುಂದಿನ ತಿಂಗಳು ಮತ್ತೆ ಅದೇ ಮರ, ಅದೇ ಹೆಗಲು. ಕನ್ನಡ ಚಂದಮಾಮ ಶುರುವಾಗಿದ್ದು 1949ರಲ್ಲಿ, ನಿಂತಿದ್ದು 2013ರ ಸುಮಾರಿಗೆ. ನಾನು ಓದಿದ ಯಾವ ಸಂಚಿಕೆಯಲ್ಲೂ ವಿಕ್ರಮ ಸ್ಮಶಾನ ಮುಟ್ಟಿದ್ದಿಲ್ಲ. ಮುಗಿಯದ ಕಥೆಗೆ ನಾವು ಚಿಕ್ಕಂದಿನಿಂದಲೇ ಒಗ್ಗಿಕೊಂಡವರು.

ನಾನೀಗ ಹೇಳಹೊರಟಿರೋದು ಮುಗಿಯುವ ಒಂದು ಕಥೆಯ ಬಗ್ಗೆ. ಜಪಾನಿನದು. ಹೆಸರು 'ಡೆತ್ ನೋಟ್'. ಒಟ್ಟು 12 ಪುಸ್ತಕ, 108 ಅಧ್ಯಾಯ, ನಮ್ಮ ಅಷ್ಟೋತ್ತರದ ಲೆಕ್ಕ. ಮೊದಲನೇ ಪುಸ್ತಕ ಹಿಡಿದ ದಿನದಿಂದ ಕೊನೆಯದು ಮುಚ್ಚುವವರೆಗೆ ನನಗೆ ಹತ್ತಿರ ಹತ್ತಿರ ಹದಿನಾಲ್ಕು ವರ್ಷ ಹಿಡಿಯಿತು. ದುಡ್ಡಿಲ್ಲದ್ದು ಒಂದು ಕಾರಣ, ಇಂಗ್ಲಿಷ್ ಕಷ್ಟವಾಗಿದ್ದು ಇನ್ನೊಂದು ಕಾರಣ. ಇವೆರಡಕ್ಕಿಂತ ದೊಡ್ಡ ಕಾರಣ ನನ್ನ ಜೊತೆ ಓದುತ್ತಿದ್ದ ಒಬ್ಬ ಹುಡುಗ.

ಮೊದಲು ಪುಸ್ತಕದ ಬಗ್ಗೆ ಹೇಳಿಬಿಡುತ್ತೇನೆ. ಜಪಾನಿನ ಚಿತ್ರಕಥೆಗಳಿಗೆ ಮಾಂಗಾ ಅನ್ನುತ್ತಾರೆ. ನಮ್ಮ ಸುಧಾ, ತರಂಗಗಳಲ್ಲಿ ಧಾರಾವಾಹಿ ಬಂದ ಹಾಗೆ ಅಲ್ಲಿ ವಾರಪತ್ರಿಕೆಗಳಲ್ಲಿ ಕಂತು ಕಂತಾಗಿ ಬರುತ್ತವೆ, ಆಮೇಲೆ ಪುಸ್ತಕವಾಗುತ್ತವೆ. ಬಣ್ಣ ಇರಲ್ಲ, ಬಹುಪಾಲು ಕಪ್ಪು ಬಿಳುಪು. ಓದೋದು ಬಲದಿಂದ ಎಡಕ್ಕೆ. ನಮ್ಮ ಲೆಕ್ಕದಲ್ಲಿ ಕೊನೆಯ ಪುಟ ಯಾವುದೋ ಅದೇ ಅವರಿಗೆ ಮೊದಲ ಪುಟ. ಡೆತ್ ನೋಟ್ ಬರೆದದ್ದು ತ್ಸುಗುಮಿ ಓಬಾ ಎಂಬ ಕಾವ್ಯನಾಮದ ಲೇಖಕ, ಚಿತ್ರ ಬಿಡಿಸಿದ್ದು ತಕೇಶಿ ಒಬಾತ. 2003ರ ಡಿಸೆಂಬರ್‌ನಿಂದ 2006ರ ಮೇವರೆಗೆ 'ವೀಕ್ಲಿ ಶೋನೆನ್ ಜಂಪ್' ಪತ್ರಿಕೆಯಲ್ಲಿ ಬಂತು.

ಕಥೆ ಇಷ್ಟು. ಮೃತ್ಯುದೇವತೆಯೊಂದು ತನ್ನ ನೋಟ್‌ಬುಕ್ಕನ್ನು ಬೇಕೆಂದೇ ಭೂಮಿಗೆ ಬೀಳಿಸುತ್ತದೆ. ಅದರ ಹೆಸರು ರ್‍ಯೂಕ್. ಆ ನೋಟ್‌ಬುಕ್ಕಿನಲ್ಲಿ ಯಾರ ಹೆಸರು ಬರೆದರೂ ಆ ಮನುಷ್ಯ ಸಾಯುತ್ತಾನೆ. ಬರೆಯುವಾಗ ಅವನ ಮುಖ ನೆನಪಿನಲ್ಲಿರಬೇಕು. ಸಾವಿನ ಕಾರಣ ಬರೆಯದಿದ್ದರೆ 40 ಸೆಕೆಂಡಿಗೆ ಹೃದಯ ನಿಲ್ಲುತ್ತದೆ. ಅದು ಸಿಗುವುದು ಲೈಟ್ ಯಾಗಾಮಿ ಎಂಬ ಹೈಸ್ಕೂಲ್ ಹುಡುಗನಿಗೆ. ಓದಿನಲ್ಲಿ ದೇಶಕ್ಕೇ ಮೊದಲು, ನೋಡೋಕೆ ಚೆಂದ, ಪೊಲೀಸ್ ಅಧಿಕಾರಿಯ ಮಗ. ಅವನು ಕೆಟ್ಟವರನ್ನೆಲ್ಲ ಕೊಂದು ಲೋಕ ಶುದ್ಧ ಮಾಡ್ತೀನಿ ಅಂತ ಹೊರಡುತ್ತಾನೆ. ಜನ ಅವನಿಗೆ 'ಕಿರಾ' ಅಂತ ಹೆಸರಿಡುತ್ತಾರೆ. ಅವನ ಬೆನ್ನು ಹತ್ತೋದು 'ಎಲ್' ಎಂಬ ಪತ್ತೇದಾರ. ಕುರ್ಚಿ ಮೇಲೆ ಕುಕ್ಕರಗಾಲಲ್ಲಿ ಕೂತು ಬರೀ ಸಿಹಿತಿಂಡಿ ತಿನ್ನುವ, ನಿದ್ದೆಗೆಟ್ಟ ಕಣ್ಣಿನ ಹುಡುಗ. ಶಿಲುಬೆ, ತಲೆಬುರುಡೆ, ಕಪ್ಪು ಬಟ್ಟೆ, ರೆಕ್ಕೆಯ ಮೃತ್ಯುದೇವತೆಗಳು ಪುಟಪುಟದಲ್ಲೂ ಇವೆ. ಈ ಬಗೆಯ ಕತ್ತಲೆಯ ಕಥೆಗಳಿಗೆ ಗಾಥಿಕ್ ಅನ್ನುತ್ತಾರೆ.

ಇದನ್ನು ನಮ್ಮ ನೈನಾಗೆ ಹೇಳಿದಾಗ ಅವರು ಒಂದೇ ಮಾತಿನಲ್ಲಿ ಮುಗಿಸಿದರು: "ಚಿತ್ರಗುಪ್ತನ ಪುಸ್ತಕ ಮನುಷ್ಯರ ಕೈಗೆ ಸಿಕ್ಕಿದ ಹಾಗೆ." ಜಪಾನಿನವರಿಗೂ ಇದಕ್ಕಿಂತ ಚೆನ್ನಾಗಿ ಹೇಳೋಕೆ ಆಗ್ತಿರಲಿಲ್ಲ ಅನ್ನಿಸಿತು.

ನಮ್ಮ ನೈನಾ ಚಾಂಪಿಯನ್ ರೀಫ್‌ನಲ್ಲಿ ಅಂಡರ್‌ಗ್ರೌಂಡ್ ಕೆಲಸಕ್ಕಿದ್ದವರು. ಮನೆಯಲ್ಲಿ ತೆಲುಗು, ಲೈನಿನಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಉರಿಗಾಂ ಕಡೆಯ ಮಕ್ಕಳು ಹೀಗೆ ಮೂರು ನಾಲಿಗೆ ಇಟ್ಟುಕೊಂಡೇ ಬೆಳೀತಾರೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ನಮ್ಮೂರಿನ ಜನಕ್ಕೆ ಉಳಿದದ್ದು ರೈಲು. ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್, ಬೆಮೆಲ್ ನಗರ, ಬಂಗಾರಪೇಟೆ; ಅಲ್ಲಿಂದ ಟೇಕಲ್, ಮಾಲೂರು, ವೈಟ್‌ಫೀಲ್ಡ್ ದಾಟಿ ಬೆಂಗಳೂರು. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವವರು ಸಾವಿರಾರು ಜನ. 2010ರಲ್ಲಿ ಪತ್ರಿಕೋದ್ಯಮದ ಡಿಪ್ಲೊಮಾಗೆ ಸೇರಿದ ಮೇಲೆ ನಾನೂ ಅದೇ ರೈಲಿನವನಾದೆ.

ಮೇಸ್ತ್ರಿ ಹತ್ತುತ್ತಿದ್ದದ್ದು ಬಂಗಾರಪೇಟೆಯಲ್ಲಿ. ಅವನ ನಿಜ ಹೆಸರು ಬೇಡ. ಗಣಿಯಲ್ಲಿ ಕೂಲಿಯಾಳುಗಳನ್ನು ಕರೆತಂದು, ಕೆಲಸಕ್ಕೆ ಹಚ್ಚಿ, ಮೇಲೆ ನಿಂತು ನೋಡಿಕೊಳ್ಳುತ್ತಿದ್ದವನಿಗೆ ಮೇಸ್ತ್ರಿ ಅನ್ನುತ್ತಿದ್ದರು. ನಮ್ಮ ರೈಲಿನ ಹುಡುಗರು ಮೊದಲ ವಾರದಲ್ಲೇ ಇವನಿಗೆ ಆ ಹೆಸರಿಟ್ಟರು. ಅವನಿಗೂ ಅದು ಇಷ್ಟವಾಯಿತು.

ಅವನಿಗಾಗಿ ನಾವು ಉರಿಗಾಂನಿಂದಲೇ ಕಿಟಕಿ ಪಕ್ಕದ ಸೀಟು ಹಿಡಿದಿಡಬೇಕು. ಉಳಿದವರು ಎಲ್ಲೆಲ್ಲಿ ಕೂರಬೇಕು ಅಂತ ಅವನು ಹತ್ತಿದ ಮೇಲೆ ತೀರ್ಮಾನ. ಯಾರ ಟಿಫಿನ್ ಡಬ್ಬಿ ಮೊದಲು ತೆಗೀಬೇಕು ಅನ್ನೋದೂ ಅವನದೇ. ಕ್ಲಾಸಿನಲ್ಲಿ ಮೇಷ್ಟ್ರು ಯಾರನ್ನೇ ಪ್ರಶ್ನೆ ಕೇಳಿದರೂ ಉತ್ತರ ಹೇಳೋನು ಅವನು. ನಾವು ಬಾಯಿ ತೆರೆಯೋದರೊಳಗೆ, "ಸಾರ್, ಇವನು ಹೇಳೋಕೆ ಹೊರಟಿರೋದು ಏನಂದ್ರೆ..." ಅಂತ ಶುರು ಮಾಡುತ್ತಿದ್ದ. ನಾನು ಹೇಳೋಕೆ ಹೊರಟಿದ್ದು ಬೇರೆಯೇ ಇರುತ್ತಿತ್ತು. ಆದರೆ ಅವನು ಹೇಳಿದ ಮೇಲೆ ಅದೇ ನನ್ನ ಉತ್ತರ.

ನನ್ನ ಕನ್ನಡಕ್ಕೆ ಅವನು 'ಗಣಿ ಕನ್ನಡ' ಅಂತ ಹೆಸರಿಟ್ಟಿದ್ದ. ನನ್ನ ಮಾತಿನಲ್ಲಿ ಒಂದು ತೆಲುಗು ಪದ ನುಸುಳಿದರೂ ಇಡೀ ಬೋಗಿಗೆ ಕೇಳೋ ಹಾಗೆ ತಿದ್ದುತ್ತಿದ್ದ. ಮೂರು ತಿಂಗಳಾಗುವಷ್ಟರಲ್ಲಿ ನಾನು ಕ್ಲಾಸಿನಲ್ಲಿ ಮಾತಾಡೋದೇ ನಿಲ್ಲಿಸಿದ್ದೆ.

ಹಾಗಂತ ಅವನು ಬರೀ ಕೆಟ್ಟವನಾಗಿದ್ದರೆ ಕಥೆ ಸುಲಭವಾಗಿತ್ತು. ಒಬ್ಬ ಹುಡುಗನ ಸೀಸನ್ ಪಾಸ್ ಕಳೆದುಹೋದಾಗ ಟಿ.ಟಿ. ಜೊತೆ ಗಂಟೆಗಟ್ಟಲೆ ವಾದ ಮಾಡಿ ಬಿಡಿಸಿಕೊಂಡು ಬಂದವನು ಅವನೇ. ಫೀಸು ಕಟ್ಟೋಕಾಗದ ಹುಡುಗಿಗೆ ಹಾಲ್ ಟಿಕೆಟ್ ಕೊಡಲ್ಲ ಅಂದಾಗ ಆಫೀಸಿನ ಬಾಗಿಲಲ್ಲಿ ಕೂತವನೂ ಅವನೇ. ತಲೆಬರಹ ಕೊಡೋದರಲ್ಲಿ ಅವನಷ್ಟು ಚುರುಕು ನಮ್ಮಲ್ಲಿ ಯಾರೂ ಇರಲಿಲ್ಲ. ನಮ್ಮ ಪರವಾಗಿ ಜಗಳ ಆಡುತ್ತಿದ್ದ ಬಾಯಿಗೇ ನಾವು ನಮ್ಮ ಬಾಯಿಯನ್ನೂ ಕೊಟ್ಟುಬಿಟ್ಟಿದ್ದೆವು. ದಬ್ಬಾಳಿಕೆ ಮಾಡುವವರು ಊರಲ್ಲಾಗಲಿ ಕ್ಲಾಸಲ್ಲಾಗಲಿ ಬರೀ ಹೆದರಿಸಿ ಆಳೋದು ಕಡಿಮೆ. ಏನಾದರೊಂದು ಉಪಕಾರ ಮಾಡಿರುತ್ತಾರೆ. ಅದಕ್ಕೇ ಎದುರು ಮಾತಾಡೋಕೆ ನಾಲಿಗೆ ಏಳಲ್ಲ.

ಡೆತ್ ನೋಟ್ ತಂದವನೂ ಅವನೇ. ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಯಲ್ಲಿ ಒಂದೊಂದಾಗಿ ಏಳು ಪುಸ್ತಕ ಕೊಂಡಿದ್ದ. ರೈಲಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಓದಿ ಹೇಳುತ್ತಿದ್ದ. ನಾವು ಆ ಕಡೆ ಈ ಕಡೆಯಿಂದ ಬಗ್ಗಿ ನೋಡಬೇಕು. ಒಂದು ಚಿತ್ರವನ್ನು ಇನ್ನೊಂದು ಗಳಿಗೆ ನೋಡೋಣ ಅಂದರೆ ಅಷ್ಟರಲ್ಲಿ ಪುಟ ತಿರುಗಿಸಿರುತ್ತಿದ್ದ. ಒಂದು ದಿನ ನಾನು ಕೇಳಿದೆ, "ಒಂದು ಸಲ ಕೊಡೋ, ನಾನೇ ಓದ್ತೀನಿ."

"ಮಗಾ, ನಿನ್ನ ಇಂಗ್ಲಿಷಿಗೆ ಇದು ಆಗಲ್ಲ. ನೀನು ಚಿತ್ರ ನೋಡು, ಕಥೆ ನಾನು ಹೇಳ್ತೀನಿ."

ಕೊನೆಗೆ ಕೊಟ್ಟ. ಒಂದು ಪುಸ್ತಕಕ್ಕೆ ಅವನದೊಂದು ಅಸೈನ್‌ಮೆಂಟ್ ನಾನು ಬರೆದುಕೊಡಬೇಕು, ಎರಡು ದಿನದಲ್ಲಿ ವಾಪಸ್. ಏಳು ಪುಸ್ತಕಕ್ಕೆ ಏಳು ಅಸೈನ್‌ಮೆಂಟ್. ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ರಾತ್ರಿ ಹನ್ನೆರಡು ಒಂದರವರೆಗೆ ಓದುತ್ತಿದ್ದೆ. ಚಿತ್ರ ಇದ್ದದ್ದರಿಂದ ಅರ್ಧ ಇಂಗ್ಲಿಷ್ ತಾನೇ ಅರ್ಥವಾಯಿತು. ಇಂಗ್ಲಿಷ್ ಪತ್ರಿಕೆ ಓದೋ ಧೈರ್ಯ ನನಗೆ ಬಂದದ್ದು ಆ ರಾತ್ರಿಗಳಿಂದ.

ಏಳನೇ ಪುಸ್ತಕದಲ್ಲಿ ಎಲ್ ಸಾಯುತ್ತಾನೆ. ಲೈಟ್‌ನ ತೋಳಿನಲ್ಲೇ ಸಾಯುತ್ತಾನೆ. ಕಣ್ಣು ಮುಚ್ಚುವ ಮೊದಲು ಅವನು ನೋಡೋದು ಲೈಟ್‌ನ ಮುಖದ ಮೇಲಿನ ಗೆಲುವಿನ ನಗು. ನನಗೆ ಎರಡು ದಿನ ಊಟ ಸೇರಲಿಲ್ಲ. "ಮುಂದೆ ಏನಾಗುತ್ತೆ?" ಅಂತ ಕೇಳಿದೆ.

"ಮುಂದೆ ಏನಿಲ್ಲ. ಲೈಟ್ ಗೆದ್ದ, ಕಥೆ ಮುಗೀತು. ಇನ್ನೂ ಐದು ಪುಸ್ತಕ ಇದೆ, ವೇಸ್ಟ್. ಯಾರೂ ಓದಲ್ಲ."

ಮೇಸ್ತ್ರಿಗೆ ಲೈಟ್ ಅಂದರೆ ಪ್ರಾಣ. ನೋಟ್‌ಬುಕ್ಕಿನ ಹಿಂಬದಿಯಲ್ಲಿ ಅವನ ಚಿತ್ರ ಬಿಡಿಸಿಕೊಂಡಿದ್ದ. ದೇಶಕ್ಕೆ ಇಂಥವನೊಬ್ಬ ಬೇಕು, ಬುದ್ಧಿ ಇರೋನೊಬ್ಬ ತೀರ್ಮಾನ ತಗೊಂಡರೆ ಎಲ್ಲ ಸರಿಹೋಗುತ್ತೆ ಅಂತ ಮಾಲೂರಿನಿಂದ ಕಂಟೋನ್ಮೆಂಟಿನವರೆಗೆ ಭಾಷಣ ಮಾಡುತ್ತಿದ್ದ.

ಅದೇ ಸಮಯಕ್ಕೆ ನಮ್ಮ ಪ್ರಾಯೋಗಿಕ ಪತ್ರಿಕೆಯ ಕೆಲಸ ಬಂತು. ವಿದ್ಯಾರ್ಥಿಗಳೇ ಬರೆದು, ಪುಟ ಕಟ್ಟಿ, ನಾಲ್ಕು ಪುಟದ ಪತ್ರಿಕೆ ತರಬೇಕು. ಸಂಪಾದಕ ಯಾರು ಅಂತ ಕೇಳೋದೇ ಬೇಡ. 2011ರ ಫೆಬ್ರವರಿಗೆ ಗಣಿ ಮುಚ್ಚಿ ಹತ್ತು ವರ್ಷ. ನಾನು ನಮ್ಮ ಲೈನಿನ ಐದು ಜನ ಹಳೇ ಕಾರ್ಮಿಕರನ್ನು ಮಾತಾಡಿಸಿ ಬರೆದೆ. ಒಬ್ಬರು ಬಂಡೆ ಸಿಡಿತದಲ್ಲಿ ಬದುಕಿ ಬಂದವರು. ಒಬ್ಬರಿಗೆ ಧೂಳಿನಿಂದ ಶ್ವಾಸಕೋಶ ಹೋಗಿತ್ತು. ಒಬ್ಬರು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಆಗಿದ್ದರು. ಐದೂ ಹೆಸರು, ವಯಸ್ಸು, ಯಾವ ಶಾಫ್ಟಿನಲ್ಲಿ ಎಷ್ಟು ವರ್ಷ, ಎಲ್ಲ ಬರೆದಿದ್ದೆ. ಅಚ್ಚಾಗಿ ಬಂದಾಗ ಐದು ಹೆಸರಲ್ಲಿ ಒಂದೂ ಇಲ್ಲ. 'ಮಾಜಿ ಕಾರ್ಮಿಕರೊಬ್ಬರು', 'ಇನ್ನೊಬ್ಬ ಕಾರ್ಮಿಕ', 'ಮತ್ತೊಬ್ಬರು'. ಮೇಲೆ ಕಣ್ಣೀರಿನ ತಲೆಬರಹ. ಅದರ ಕೆಳಗೆ ಮಾತ್ರ ಎರಡು ಹೆಸರು: ಮೊದಲು ಮೇಸ್ತ್ರಿಯದು, ಆಮೇಲೆ ನನ್ನದು.

ಕೇಳಿದ್ದಕ್ಕೆ, "ಯಾರಿಗೆ ಬೇಕು ಮಗಾ ಆ ಹೆಸರು? ಜಾಗ ತಿನ್ನುತ್ತೆ," ಅಂದ.

ಮನೆಗೆ ತಂದೆ. ನೈನಾ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ಅವರ ಗೆಳೆಯರೊಬ್ಬರು ಆ ಐದರಲ್ಲಿ ಇದ್ದರು. ಮೇಲಿಂದ ಕೆಳಗೆ ಎರಡು ಸಲ ಹುಡುಕಿ, "ಪೇರು ಏದಿರಾ?" ಅಂದರು. ಹೆಸರು ಎಲ್ಲೋ ಅಂತ. ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ.

ಆ ಪ್ರಶ್ನೆಯ ತೂಕ ಗೊತ್ತಾಗಬೇಕಾದರೆ ಗಣಿಯ ಲೆಕ್ಕ ಗೊತ್ತಿರಬೇಕು. ಅಲ್ಲಿ ಕೆಲಸಗಾರನಿಗೆ ಹೆಸರಿಗಿಂತ ನಂಬರೇ ಮುಖ್ಯ. ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸಬೇಕೆಂಬ ನಿಯಮ ಬಂದಾಗ 1930ರಲ್ಲಿ ಇಡೀ ಗಣಿಯ ಜನ ಕೆಲಸ ನಿಲ್ಲಿಸಿ ಕೂತಿದ್ದರು. ನಾವೇನು ಕಳ್ಳರಾ ಅನ್ನೋದು ಆ ಸಿಟ್ಟಿನ ಬುಡ. ಆ ಊರಿನ ಮನುಷ್ಯನಿಗೆ ಪತ್ರಿಕೆಯಲ್ಲಿ ತನ್ನ ಹೆಸರು ಅಚ್ಚಾಗೋದು ಸಣ್ಣ ವಿಷಯ ಅಲ್ಲ.

ಡಿಪ್ಲೊಮಾ ಮುಗಿಯಿತು. ನಾನು ಊರಿಗೆ ಬಂದು ಸ್ಟ್ರಿಂಗರ್ ಆದೆ. ಸಂಬಳ ಇಲ್ಲ, ಸುದ್ದಿ ಬಂದಷ್ಟಕ್ಕೆ ದುಡ್ಡು. ಮೇಸ್ತ್ರಿ ಬೆಂಗಳೂರಿನಲ್ಲಿ ಎರಡು ಮೂರು ಕಡೆ ಕೆಲಸ ಮಾಡಿ, ಪತ್ರಿಕೆ ಬಿಟ್ಟು, ಕಂಪನಿಯೊಂದರ ಪ್ರಚಾರದ ಕೆಲಸಕ್ಕೆ ಹೋದ. ನಮ್ಮ ಬ್ಯಾಚಿನ ವಾಟ್ಸ್ಯಾಪ್ ಗ್ರೂಪಿಗೆ ಅಡ್ಮಿನ್ ಅವನೇ. ಗುಡ್ ಮಾರ್ನಿಂಗ್ ಹಾಕಬಾರದು, ರಾಜಕೀಯ ಹಾಕಬಾರದು; ಅವನು ಹಾಕಬಹುದು.

2018ರ ಬೇಸಿಗೆ ನಿಮಗೆ ನೆನಪಿರಬಹುದು. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಫೋನಿಂದ ಫೋನಿಗೆ ಫೋಟೊಗಳು, ವಿಡಿಯೊಗಳು ಓಡುತ್ತಿದ್ದವು. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ ಯುವಕನೊಬ್ಬನನ್ನು ಜನ ಕಟ್ಟಿ ಹೊಡೆದು ಸಾಯಿಸಿದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರಿಗೂ ಅದೇ ಗತಿಯಾಯಿತು. ಇಬ್ಬರೂ ಯಾವ ಮಗುವನ್ನೂ ಕದ್ದಿರಲಿಲ್ಲ.

ಆ ದಿನಗಳಲ್ಲೇ ನಮ್ಮ ಗ್ರೂಪಿಗೆ ಮೇಸ್ತ್ರಿ ಒಂದು ಫೋಟೊ ಹಾಕಿದ. ನಡುವಯಸ್ಸಿನ ಮನುಷ್ಯ, ಹೆಗಲ ಮೇಲೆ ಕಂಬಳಿ ಗಂಟು, ಹಿಂದೆ ನಮ್ಮ ಕಡೆಯದೇ ಬಸ್ ನಿಲ್ದಾಣ. "ಎಲ್ಲರೂ ನಿಮ್ಮ ನಿಮ್ಮ ಊರಿನ ಗ್ರೂಪಿಗೆ ಕಳಿಸಿ. ಈಗಲೇ," ಅಂತ ಅಪ್ಪಣೆ. ನೋಡನೋಡುತ್ತಿದ್ದ ಹಾಗೆ ಹನ್ನೊಂದು ಜನ 'ಕಳಿಸಿದೆ' ಅಂತ ಹಾಕಿದರು. ಏಳು ವರ್ಷ ಆಗಿದ್ದರೂ ಕ್ಲಾಸು ಹಾಗೇ ಇತ್ತು.

ನಾನು ಬರೆದೆ: "ಇವರ ಹೆಸರೇನು? ಯಾವ ಠಾಣೆ? ದೂರು ದಾಖಲಾಗಿದೆಯಾ?"

"ಜನರ ಮಕ್ಕಳ ಪ್ರಶ್ನೆ ಇದು. ನಿನ್ನ ರಿಪೋರ್ಟರಿಕೆ ಆಮೇಲೆ ತೋರಿಸು," ಅಂತ ಉತ್ತರ ಬಂತು.

ಠಾಣೆಗೆ ಫೋನ್ ಮಾಡಿದೆ. ಆ ಮನುಷ್ಯ ಉತ್ತರದಿಂದ ಕಂಬಳಿ ಮಾರೋಕೆ ಬಂದವರು. ಯಾರೋ ಅನುಮಾನಪಟ್ಟು ಕರೆತಂದಿದ್ದರು. ಪೊಲೀಸರು ಕಾಗದ ನೋಡಿ, ವಿಚಾರಿಸಿ, ಏನೂ ಇಲ್ಲ ಅಂತ ಮೂರು ಗಂಟೆ ಮೊದಲೇ ಕಳಿಸಿದ್ದರು. ಅವರು ಇನ್ನೂ ಅದೇ ಸುತ್ತಿನ ಹಳ್ಳಿಗಳಲ್ಲಿದ್ದರು. ಪೊಲೀಸರು ಹೇಳಿದ್ದನ್ನು ಗ್ರೂಪಿಗೆ ಹಾಕಿದೆ. ಕಳಿಸಿದವರೆಲ್ಲ ವಾಪಸ್ ತೆಗೀರಿ ಅಂತ ಒಬ್ಬೊಬ್ಬರಿಗೂ ಬೇರೆಯಾಗಿ ಫೋನ್ ಮಾಡಿದೆ. ಎಂಟು ಜನ ತೆಗೆದರು, ತಮ್ಮ ಊರಿನವರಿಗೆ ತಿಳಿಹೇಳಿದರು. ಅಷ್ಟರಲ್ಲಿ ಮೇಸ್ತ್ರಿ ನನ್ನನ್ನು ಗ್ರೂಪಿನಿಂದ ಹೊರಗೆ ಹಾಕಿದ್ದ. ಕಂಬಳಿಯವರು ಮಾರನೇ ದಿನ ಬಂಗಾರಪೇಟೆಯಲ್ಲಿ ರೈಲು ಹತ್ತಿದರು ಅಂತ ಠಾಣೆಯ ಪೇದೆಯೊಬ್ಬರು ತಿಳಿಸಿದರು.

ಆ ಜಪಾನಿ ಪುಸ್ತಕ ಮತ್ತೆ ನೆನಪಾಗಿದ್ದು ಅವತ್ತು ರಾತ್ರಿ. ಒಂದು ಮುಖ, ಒಂದು ಹೆಸರು, ಅಷ್ಟಿದ್ದರೆ ಮನುಷ್ಯನನ್ನು ಕೊಲ್ಲಬಹುದು ಅನ್ನೋದು ಅದರ ನಿಯಮ. ನಮ್ಮ ಫೋನಿಗೆ ಹೆಸರೂ ಬೇಕಾಗಿಲ್ಲ, ಮುಖ ಒಂದೇ ಸಾಕು.

ಹೋದ ವರ್ಷ ಪಕ್ಕದ ಮನೆಯ ಹುಡುಗಿ, ಪಿ.ಯು.ಸಿ. ಓದುತ್ತಿದ್ದಾಳೆ, ನಮ್ಮ ಮನೆಗೆ ಅರ್ಜಿ ತುಂಬಿಸಿಕೊಳ್ಳೋಕೆ ಬಂದಿದ್ದಳು. ಅವಳ ಫೋನಿನ ಹಿಂದೆ ರ್‍ಯೂಕ್ ಚಿತ್ರ ಅಂಟಿಸಿತ್ತು. ನಾನು ಗುರುತು ಹಿಡಿದದ್ದು ನೋಡಿ ಅವಳಿಗೆ ಖುಷಿ. ಡೆತ್ ನೋಟ್ ಕಾರ್ಟೂನ್ ರೂಪದಲ್ಲೂ ಬಂದಿದೆ, 37 ಕಂತು, ಅನಿಮೆ ಅನ್ನುತ್ತಾರೆ. ಅವಳು ಅದನ್ನು ಫೋನಿನಲ್ಲೇ ನೋಡಿದ್ದಳು. "ಅಣ್ಣಾ, ಕೊನೇಲಿ ಲೈಟ್ ಸತ್ತಾಗ ನಂಗೆ ಅಳುನೇ ಬಂತು," ಅಂದಳು.

"ಲೈಟ್ ಸಾಯ್ತಾನಾ?"

"ಅಯ್ಯೋ, ನೀವು ಓದಿಲ್ವಾ?"

ಹದಿನಾಲ್ಕು ವರ್ಷ ಲೈಟ್ ನನ್ನ ತಲೆಯಲ್ಲಿ ಗೆದ್ದೇ ಕೂತಿದ್ದ. ಮೇಸ್ತ್ರಿ ಹತ್ತಿರ ಇದ್ದದ್ದು ಏಳೇ ಪುಸ್ತಕ. ಅವನು ಓದಿದ್ದೂ ಅಷ್ಟೇ. ತನ್ನ ನಾಯಕ ಗೆದ್ದ ಪುಟಕ್ಕೆ ಪುಸ್ತಕ ಮುಚ್ಚಿ, ಇಷ್ಟೇ ಕಥೆ ಅಂತ ನಮಗೆಲ್ಲ ಹೇಳಿದ್ದ. ಅವತ್ತೇ ಬಾಕಿ ಐದು ಪುಸ್ತಕಕ್ಕೆ ಆರ್ಡರ್ ಹಾಕಿದೆ. ನಾಲ್ಕು ಸುದ್ದಿಯ ದುಡ್ಡು ಹೋಯಿತು.

ಉಳಿದ ಐದು ಪುಸ್ತಕ ಮೊದಲ ಏಳರ ಹಾಗೆ ಓಡಲ್ಲ, ಅದು ನಿಜ. ನಿಯರ್, ಮೆಲ್ಲೋ ಎಂಬ ಹೊಸ ಹುಡುಗರಿಬ್ಬರು ಎಲ್‌ನ ಜಾಗಕ್ಕೆ ಬರುತ್ತಾರೆ. ಪುಟಗಟ್ಟಲೆ ಮಾತು, ಲೆಕ್ಕಾಚಾರ. ಕೆಲವು ಕಡೆ ನಾನೂ ಎರಡೆರಡು ಸಲ ಓದಬೇಕಾಯಿತು. ರಾತ್ರಿ ಕೊನೇ ಸುದ್ದಿ ಕಳಿಸಿದ ಮೇಲೆ, ಒಳಗೆ ನೈನಾ ಕೆಮ್ಮೋದು ಕೇಳಿಸಿಕೊಳ್ಳುತ್ತಾ ಓದುತ್ತಿದ್ದೆ. ಈ ಸಲ ಪುಟ ತಿರುಗಿಸೋನು ನಾನೇ. ಒಂದು ಚಿತ್ರದ ಮೇಲೆ ಹತ್ತು ನಿಮಿಷ ನಿಂತರೂ ಕೇಳೋರಿಲ್ಲ.

ಗೆದ್ದ ಮೇಲೆ ಲೈಟ್ ಏನಾಗುತ್ತಾನೆ ಅನ್ನೋದೇ ಆ ಐದು ಪುಸ್ತಕ. ಮೊದಲು ಕೊಲೆಗಡುಕರ ಹೆಸರು ಬರೆಯುತ್ತಿದ್ದವನು, ತನ್ನನ್ನು ಹುಡುಕಿದವರ ಹೆಸರು, ಅಡ್ಡ ಬಂದವರ ಹೆಸರು, ತನಗೆ ಕೆಲಸ ಮಾಡಿಕೊಟ್ಟವರ ಹೆಸರು ಅಂತ ಬರೆಯುತ್ತಾ ಹೋಗುತ್ತಾನೆ. ಅವನ ಅಪ್ಪನ ಸಾವು ನನ್ನನ್ನು ಅಲುಗಿಸಿಬಿಟ್ಟಿತು. ನೆಟ್ಟಗಿನ ಪೊಲೀಸ್ ಅಧಿಕಾರಿ. ಗುಂಡು ತಗುಲಿ ಆಸ್ಪತ್ರೆಯ ಮಂಚದಲ್ಲಿ ಮಲಗಿದ್ದಾರೆ, ತನ್ನ ಮಗ ಕಿರಾ ಅಲ್ಲ ಅನ್ನೋ ಸಮಾಧಾನದಲ್ಲಿದ್ದಾರೆ. ಮಗ ಪಕ್ಕದಲ್ಲಿ ಅಳುತ್ತಿದ್ದಾನೆ. ಅಳುತ್ತಲೇ ಅಪ್ಪನ ಕೈಗೆ ನೋಟ್‌ಬುಕ್ ಕೊಟ್ಟು, ಶತ್ರುವಿನ ಹೆಸರು ಬರೀ ಅನ್ನುತ್ತಿದ್ದಾನೆ. ಆ ಪುಟ ಮುಚ್ಚಿ ಒಳಗೆ ಹೋಗಿ ನೈನಾಗೆ ಬಿಸಿನೀರು ಕೊಟ್ಟು ಬಂದೆ.

ಕೊನೆಗೆ ಒಂದು ಹಳೇ ಗೋದಾಮಿನಲ್ಲಿ ಲೈಟ್ ಸಿಕ್ಕಿಬೀಳುತ್ತಾನೆ. ಅವನನ್ನು ನಂಬಿದ್ದ ಪೊಲೀಸನೇ ಅವನಿಗೆ ಗುಂಡು ಹೊಡೆಯುತ್ತಾನೆ. ಲೈಟ್ ರ್‍ಯೂಕ್ ಕಡೆ ತಿರುಗಿ, ಇವರೆಲ್ಲರ ಹೆಸರು ಬರೆದು ನನ್ನನ್ನು ಉಳಿಸು ಅಂತ ಬೇಡುತ್ತಾನೆ. ರ್‍ಯೂಕ್ ಬರೆಯುತ್ತದೆ. ಬರೆಯೋದು ಲೈಟ್‌ನ ಹೆಸರು. ದೇಶಕ್ಕೇ ಮೊದಲು ಬಂದ ಆ ಹುಡುಗ 40 ಸೆಕೆಂಡು ಸಾಯಲ್ಲ, ಸಾಯಲ್ಲ ಅಂತ ನೆಲದ ಮೇಲೆ ಹೊರಳಾಡುತ್ತಾನೆ. ಅಲ್ಲಿಗೂ ಕಥೆ ನಿಲ್ಲಲ್ಲ. 108ನೇ ಅಧ್ಯಾಯದ ಕೊನೆಗೆ, ಬೆಟ್ಟದ ಮೇಲೆ ಮೇಣದ ಬತ್ತಿ ಹಿಡಿದ ಮುಸುಕಿನ ಜನ ಸಾಲಾಗಿ ಹೋಗಿ ಇನ್ನೂ ಕಿರಾನನ್ನೇ ಪ್ರಾರ್ಥಿಸುತ್ತಾರೆ. ಮೇಸ್ತ್ರಿ ಹೋದರೂ ಕ್ಲಾಸು ಹಾಗೇ ಇರುತ್ತದೆ ಅಂತ ನನಗೆ ಅರ್ಥವಾಯಿತು.

ಪೂರ್ತಿ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಜೋರು ಬಾಯಿಯವರು ಕಥೆಯನ್ನು ತಮಗೆ ಬೇಕಾದ ಪುಟದಲ್ಲಿ ನಿಲ್ಲಿಸುತ್ತಾರೆ. ನಮ್ಮ ಕೆಜಿಎಫ್ ಕಥೆಯೂ ಹಾಗೇ. ಜಾನ್ ಟೇಲರ್ ಕಂಪನಿ 1880ರಲ್ಲಿ ಬಂತು, 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂತು, ಮೂರು ಸಾವಿರ ಮೀಟರಿಗೂ ಆಳ ಅಗೆದರು, ಚಿನ್ನ ಬಂತು. ಹೊರಗಿನವರು ಹೇಳೋದು ಇಲ್ಲಿಗೆ ನಿಲ್ಲುತ್ತದೆ. 2001ರ ಮೇಲಿನದು ನಮ್ಮ ಐದು ಪುಸ್ತಕ. ಗಾಳಿ ಎದ್ದರೆ ಸೈನೈಡ್ ದಿಬ್ಬದ ಧೂಳು, ಬೆಳಗಿನ ರೈಲಿಗೆ ಓಡುವ ಜನ, ಲೈನ್ ಮನೆಯ ಹಕ್ಕಿಗಾಗಿ ಅಲೆದಾಟ. ಓಟ ಕಡಿಮೆ, ಪುಟಗಟ್ಟಲೆ ಮಾತು. ಆದರೂ ಓದಬೇಕಾದದ್ದು ಅದೇ.

ನನ್ನ ಕೆಲಸ ದಿನಾ ಹೆಸರು ಬರೆಯೋದು. ಕೆಲವನ್ನು ಬರೆಯಬಾರದು, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು ಹಾಕೋದನ್ನು ಕಾನೂನೇ ನಿಷೇಧಿಸುತ್ತದೆ. ಬಂಧನವಾದವರನ್ನು ತೀರ್ಪು ಬರುವವರೆಗೆ ಆರೋಪಿ ಅನ್ನಬೇಕು, ಅಪರಾಧಿ ಅನ್ನಬಾರದು. ಕೆಲವು ಹೆಸರನ್ನು ಜಾಗ ಇಲ್ಲದಿದ್ದರೂ ಹಾಕಲೇಬೇಕು. 2021ರಲ್ಲಿ ಗಣಿ ಮುಚ್ಚಿ ಇಪ್ಪತ್ತು ವರ್ಷ ಆದಾಗ ಆ ಐದು ಜನರ ಮನೆಗೆ ಮತ್ತೆ ಹೋಗಿದ್ದೆ. ಇಬ್ಬರು ಬದುಕಿದ್ದರು. ಸುದ್ದಿ ಮೂರು ಪ್ಯಾರಾ ಅಷ್ಟೇ ಬಂತು, ಆದರೆ ಐದೂ ಹೆಸರು ಬಂದವು. ನೈನಾ ಬೆರಳಿಟ್ಟು ಎಣಿಸಿದರು. ಆ ತುಂಡು ಕಾಗದ ಇವತ್ತಿಗೂ ಅವರ ಪಿಂಚಣಿ ಪುಸ್ತಕದೊಳಗೆ ಇದೆ.

ಈ ಬರಹ ಓದುತ್ತಿರೋ ಕಾಲೇಜು ಹುಡುಗ ಹುಡುಗಿಯರಿಗೆ ಒಂದು ಮಾತು. ನಿಮ್ಮ ಕ್ಲಾಸಿನಲ್ಲೂ ಒಬ್ಬ ಮೇಸ್ತ್ರಿ ಇರುತ್ತಾನೆ, ಇಲ್ಲವೇ ಮೇಸ್ತ್ರಿಣಿ. ಜಗಳ ಆಡೋ ಅಗತ್ಯ ಇಲ್ಲ. ಅವರು ಕೊಟ್ಟ ಪುಸ್ತಕ ತಗೊಳ್ಳಿ, ಓದಿ. ಮುಂದೆ ಏನಿಲ್ಲ ಅಂದಾಗ ಮಾತ್ರ ಇನ್ನೊಂದು ಪುಟ ತಿರುಗಿಸಿ ನೋಡಿ. ಫೋನಿಗೆ ಫೋಟೊ ಬಂದು ಈಗಲೇ ಕಳಿಸಿ ಅಂದರೆ, ಹೆಸರೇನು, ಯಾವ ಠಾಣೆ ಅಂತ ಕೇಳಿ. ಗ್ರೂಪಿನಿಂದ ತೆಗೆದರೆ ತೆಗೀಲಿ. ನನ್ನನ್ನು ತೆಗೆದು ಇಷ್ಟು ವರ್ಷ ಆಯಿತು, ಏನೂ ನಷ್ಟ ಆಗಿಲ್ಲ.

ಐದೂ ಪುಸ್ತಕ ಈಗ ಪಕ್ಕದ ಮನೆಯಲ್ಲಿವೆ. ಅನಿಮೆಯಲ್ಲಿ ಕೊನೆ ಬೇರೆ ಥರ ಇದೆಯಂತೆ: ಗಾಯಗೊಂಡ ಲೈಟ್ ಅಲ್ಲಿಂದ ಓಡಿಹೋಗಿ, ಮೆಟ್ಟಿಲ ಮೇಲೆ ಒಬ್ಬನೇ, ಸದ್ದಿಲ್ಲದೆ ಸಾಯುತ್ತಾನೆ. ಹುಡುಗಿಗೆ ಅದೇ ಸರಿ. "ಎಷ್ಟಾದರೂ ಮನುಷ್ಯ ಅಲ್ವಾ ಅಣ್ಣಾ, ಅಷ್ಟು ಮರ್ಯಾದೆ ಕೊಡಬೇಕು," ಅನ್ನುತ್ತಾಳೆ. ಅಂಥವನು ಹೊರಳಾಡಿ ಸಾಯೋದನ್ನು ಜನ ನೋಡಲೇಬೇಕು ಅಂತ ನನ್ನ ವಾದ. ವಾರಕ್ಕೊಂದು ಸಲ ಕಾಂಪೌಂಡ್ ಗೋಡೆಯ ಮೇಲಿಂದ ಈ ಜಗಳ ನಡೆಯುತ್ತದೆ. ಇನ್ನೂ ಯಾರೂ ಸೋತಿಲ್ಲ.